ಗಂಟೆಗೆ ಅರ್ಧ ಡಿಗ್ರಿ

ಕುಲುಮೆಯ ಬಾಗಿಲ ಮೇಲೆ ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದೇನೆ:
ಮುಟ್ಟಬೇಡಿ.
ಅದರ ಕೆಳಗೆ ಟೊಬಿಯಾಶ್, ಕೆಲಸ ಕಲಿಯುವ ಹುಡುಗ, ಸೇರಿಸಿದ್ದಾನೆ:
ಉಸಿರೂ ಬಿಡಬೇಡಿ.

ಇಂದಿಗೆ ಹತ್ತೊಂಬತ್ತನೇ ರಾತ್ರಿ.
ಒಳಗೆ ಗೇಣುದ್ದ ದಪ್ಪದ ಗಾಜು
ಗಂಟೆಗೆ ಅರ್ಧ ಡಿಗ್ರಿಯಂತೆ ತಣಿಯುತ್ತಿದೆ.
ಹೊರಗೆ ಈಜೆರಾ ನದಿಯ ಅಂಚು
ನಿನ್ನೆ ಒಂದೇ ರಾತ್ರಿಗೆ ಹೆಪ್ಪುಗಟ್ಟಿತು.
ನೀರಿಗೇನು, ಅವಸರ ಒಗ್ಗುತ್ತದೆ.
ಗಾಜಿನ ಮೈ ತಣ್ಣಗಾಗಿ ಎದೆ ಬಿಸಿ ಉಳಿದರೆ
ಅದು ತನ್ನನ್ನೇ ತಾನು ಜಗ್ಗಿ ಸೀಳಿಕೊಳ್ಳುತ್ತದೆ,
ಕೆಲವೊಮ್ಮೆ ವರ್ಷ ಕಳೆದ ಮೇಲೆ,
ಯಾರೂ ಹತ್ತಿರ ಇಲ್ಲದ ಮಧ್ಯಾಹ್ನ ಎರಡು ಗಂಟೆಗೆ.

ಪುರಸಭೆಯ ಶಾರ್ಕಾ ಫೋನು ಮಾಡಿದಳು.
ಬಸ್ ನಿಲ್ದಾಣಕ್ಕೆ ಸುಣ್ಣಬಣ್ಣ ಆಯಿತು, ಬೆಂಚು ಬಂದವು,
ರಿಬ್ಬನ್ನು ಯಾವ ಬಣ್ಣದ್ದೆಂದೂ ಗೊತ್ತುಮಾಡಿದ್ದೇವೆ,
ಗೋಡೆಯಲ್ಲಿ ನಿಮ್ಮದೊಂದೇ ತೂತು.
ವಾರ ಮುಂಚೆ ತೆಗೆಯಲಾಗದೆ?
ಆಗದು ಅಂದೆ.
ಬಾಗಿಲು ಚೂರೇ ಚೂರು ಸರಿಸಿಟ್ಟರೆ?
ಆಗದು ಅಂದೆ.
ನಿಮ್ಮ ಗಾಜಿಗೆ ಬಹಳ ಸೊಕ್ಕು, ಅಂದಳು.
ಅದಕ್ಕೆ ಉತ್ತರ ಕೊಡಲಿಲ್ಲ.

ಕಲ್ಲು ಅಲ್ಬೀನ್ ಹ್ಲವಾಚನದು.
ಅವನ ಕೋಮ್ನಿತ್ಸಾ ಈಗ ಊರಲ್ಲ,
ಕಂದು ಕಲ್ಲಿದ್ದಲು ಬಗೆದು ಮುಗಿಸಿ
ನೀರು ತುಂಬಲು ಬಿಟ್ಟ ಗುಂಡಿ.
ಸಿಡಿಮದ್ದು ಇಡುವ ಹಿಂದಿನ ದಿನ
ಜನ ಗಡಿಯಾರ ಹೊತ್ತರು, ಹಾಸಿಗೆ ಹೊತ್ತರು,
ಒಬ್ಬಾಕೆ ಮೊಟ್ಟೆಗೆ ಕೂತ ಕೋಳಿಯನ್ನು ಬುಟ್ಟಿ ಸಮೇತ ಹೊತ್ತಳು.
ಇವನು ಹಾರೆ ಹಾಕಿ ಹೊಸ್ತಿಲು ಎಬ್ಬಿಸಿದ.
ಬದಲಿಗೆ ಕೊಟ್ಟದ್ದು ನಾಲ್ಕನೇ ಮಹಡಿಯ ಫ್ಲ್ಯಾಟು;
ಅಲ್ಲಿ ಹೊಸ್ತಿಲಿರಬೇಕಾದಲ್ಲಿ ತಗಡಿನ ಪಟ್ಟಿ, ಎರಡು ಸ್ಕ್ರೂ.
ನಲವತ್ತೊಂಬತ್ತು ವರ್ಷ ಆ ಕಲ್ಲು
ಬಾಲ್ಕನಿಯಲ್ಲಿ ಹೂಕುಂಡ ಹೊತ್ತು ಕೂತಿತ್ತು.

ತಂದಿಳಿಸಿದಾಗ ಅದರ ಮೇಲೆ ಕುಂಡದ ಬಳೆಗುರುತು,
ನಡುವೆ ಸವೆದ ತಗ್ಗು.
ಬೆರಳಿಟ್ಟು ಓದಿ ಹೇಳಿದ:
ಇದು ಅಜ್ಜಿ.
ಇದು ಅಮ್ಮ, ಸೊಂಟ ಹಿಡಿದಿತ್ತು, ಎಡಗಾಲನ್ನೇ ಊರುತ್ತಿದ್ದಳು.
ಇಲ್ಲಿ ಆಡುಗಳೂ ಸೇರಿರಬಹುದು,
ಬೇಡವೆಂದರೂ ನುಗ್ಗುತ್ತಿದ್ದವು.

ಕಲ್ಲಿನಿಂದ ಅಚ್ಚು, ಅಚ್ಚಿನಿಂದ ಪ್ಲಾಸ್ಟರಿನ ಹುಸಿಕಲ್ಲು,
ಅದರ ಮೇಲೆ ಎಂಟುನೂರ ನಲವತ್ತರಲ್ಲಿ
ಜೋನಿಬೆಲ್ಲದ ಹಾಗೆ ಇಳಿದ ಗಾಜು.
ಆಮೇಲೆ ಕಾಯುವುದು.
ನನ್ನ ಕಸುಬಿನ ಮುಕ್ಕಾಲು ಪಾಲು ಇದೇ:
ಕುರ್ಚಿ, ಕಂಬಳಿ, ಮುಳ್ಳು ನಡುಗುವ ಮಾಪಕ,
ಆರಿದ ಕಾಫಿ.

*

ಮೂವತ್ತೊಂದಕ್ಕೆ ತೆಗೆದೆವು.
ಪ್ಲಾಸ್ಟರು ಕೆದರಿ, ನೀರು ಹೊಡೆದು, ಮರಳಿನಲ್ಲಿ ಉಜ್ಜಿ,
ಕ್ರೇನಿನಲ್ಲಿ ಎತ್ತಿ ನಿಲ್ಲಿಸಿದೆವು.
ರಿಬ್ಬನ್ನು ಕತ್ತರಿಸಿದ್ದನ್ನು ನಾನು ನೋಡಲಿಲ್ಲ,
ನಿದ್ದೆ ಮಾಡುತ್ತಿದ್ದೆ.

ಅಲ್ಬೀನ್ ಬಂದದ್ದು ಮೂರು ದಿನ ಬಿಟ್ಟು, ಬಸ್ಸಿನಲ್ಲೇ.
ಮುಂದಿನಿಂದ ನೋಡಿದರೆ ಹೊಗೆಬಣ್ಣದ ಗಾಜಿನೊಳಗೆ
ಹೊಸ್ತಿಲು ಇದೆ,
ಅಂಚಿನ ಮುಕ್ಕು ಸಹಿತ ಇದೆ.
ಕೈ ಚಾಚಿದ.
ಅಂಗೈಗೆ ಸಿಕ್ಕಿದ್ದು ನುಣ್ಣನೆ ಸಪಾಟು, ಚಳಿ.
ಎಲ್ಲಿ? ಅಂದ.

ಹಿಂದಕ್ಕೆ ಕರೆದೊಯ್ದೆ,
ಕಸಬರಿಗೆ, ಬಕೆಟ್ಟು ಇಡುವ ಓಣಿಗೆ.
ಅಲ್ಲಿ ಕಲ್ಲಿಲ್ಲ, ಕಲ್ಲಿನಷ್ಟು ಗುಳಿ.
ಅವನು ತೋಳು ಒಳಗಿಟ್ಟು ಎಡಕ್ಕೆ ಹುಡುಕಿದ,
ಇಲ್ಲಿ ಎಲ್ಲ ಅದಲುಬದಲು, ಬಲಕ್ಕೆ ಸಿಕ್ಕಿತು:
ತಗ್ಗಿದ್ದಲ್ಲಿ ಉಬ್ಬು.
ಮೂವತ್ತು ವರ್ಷದ ಕೆಲಸ ನನ್ನದು, ನನಗೂ ಹೊಳೆದಿರಲಿಲ್ಲ,
ಸವೆತದ ಅಚ್ಚು ತೆಗೆದರೆ ಬರುವುದು
ಸವೆಸಿದ್ದು.

ಹಿಮ್ಮಡಿ, ಅಂದ.
ಮತ್ತೊಮ್ಮೆ ಅನ್ನಲಿಲ್ಲ.
ಕೈಯನ್ನು ಅಲ್ಲೇ ಬಿಟ್ಟುಕೊಂಡು ನಿಂತ,
ಹದಿನಾಲ್ಕನೇ ನಂಬರಿನ ಬಸ್ಸು ಬಂತು, ಹೋಯಿತು,
ಗಾಜಿನ ಮೇಲೆ ಅದರ ದೀಪ ಹರಿದು ಹೋಯಿತು.

ಆಮೇಲೆ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಕೇಳಿದ:
ನನ್ನ ಕಲ್ಲು ಯಾವಾಗ ವಾಪಸು?
ಬಾಲ್ಕನಿಯಲ್ಲಿ ಕುಂಡ ವಾಲಿಕೊಂಡಿದೆ.